ಪೊನ್ ಸಂತೆಯ ದಿನ ಹುಟ್ಟಿದವರು

"ಈ ಹೆಸರು ಇನ್ನು ನಮ್ಮ ಮನೆಯಲ್ಲಿ ಕೇಳಿಸುವುದಿಲ್ಲ" ಎಂದು ಆ ತಾಯಿ ಮಾತು ಕೊಟ್ಟದ್ದು ನಾಲ್ಕು ದಾರಿ ಕೂಡುವ ಜಾಗದಲ್ಲಿ ಮಂಡಿಯೂರಿ, ಬಾಳೆಲೆಯ ಮೇಲೆ ಒಂದು ಹಿಡಿ ಕೆಂಪು ಗಂಜಿ, ಒಂದು ಹಿಡಿ ಬಿಳಿ ಗಂಜಿ ಬಡಿಸಿ. ಯಾರಿಗೆ ಕೊಟ್ಟಳೋ, ಎದುರಿಗೆ ಯಾರೂ ಇರಲಿಲ್ಲ. ಅದು ಹತ್ತೊಂಬೈನೂರ ಹದಿನೆಂಟು. ದೂರದ ಬಿಳಿಯರು ತಮ್ಮ ಯುದ್ಧ ಮುಗಿಸುವುದರಲ್ಲಿದ್ದರು. ಅವರ ಜ್ವರ ಮಾತ್ರ ಹಡಗು ಹತ್ತಿ ಜಾವಾಕ್ಕೆ ಬಂದು, ಸಕ್ಕರೆ ಕಾರ್ಖಾನೆಯ ರೈಲು ಹಿಡಿದು, ಬೊಗೊವೊಂತೊ ನದಿಯ ದಡದ ಈ ಹಳ್ಳಿಯಲ್ಲೂ ಇಳಿದಿತ್ತು. ಬೆಳಿಗ್ಗೆ ಮೈ ಬಿಸಿಯಾದವರು ಸಂಜೆಗೆ ಮಣ್ಣು ಸೇರುತ್ತಿದ್ದರು. ಆಕೆಯ ನಾಲ್ಕು ವರ್ಷದ ಮಗಳ ಮೈ ಕಾದ ಬಾಣಲೆಯಂತಿತ್ತು. ಸೂಲಗಿತ್ತಿ ಹೇಳಿದ ಹಾಗೆ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ಕಸದ ಜೊತೆ ಕಡ್ಡಿಪೊರಕೆಯಲ್ಲಿ ಗುಡಿಸಿ, "ಇದು ನನ್ನದಲ್ಲ" ಎಂದಳು. ಸೂಲಗಿತ್ತಿ ಅದನ್ನು ಎತ್ತಿಕೊಂಡು, "ನನಗೊಂದು ಸಿಕ್ಕಿತು, ನಿನಗೆ ಬೇಕಾ?" ಎಂದು ಅವಳಿಗೇ ಮಾರಿದಳು. ಹಳೆಯ ಹೆಸರನ್ನು ದಾರಿಯಲ್ಲೇ ಬಿಟ್ಟು ಹೊಸ ಹೆಸರಿಟ್ಟುಕೊಂಡು ಮನೆಗೆ ಬಂದರು. ವಿಲುಜೆಂಗ್. ಕ್ಷೇಮ ಎಂದು ಅರ್ಥ.

ಕ್ಷೇಮವೇನೋ ಆಯಿತು. ನೂರು ದಾಟಿದ ಮೇಲೂ ಆಗುತ್ತಲೇ ಇತ್ತು.

"ಹೊರಗೆ ಹೋಗಿ ನೋಡು ಕೂಸೇ, ಯಾರೋ ಕರೀತವ್ರೆ."

ಬಿದಿರಿನ ಮಂಚದಿಂದ ಅಜ್ಜಿ ಹೀಗೆಂದಾಗ ಪೊನಿರಾ ಹಿತ್ತಿಲ ಜಗಲಿಯಲ್ಲಿ ಕುಳಿತು, ಹೆಪ್ಪು ಬೆರೆಸಿದ ಸೋಯಾ ಕಾಳನ್ನು ಬಾಳೆಲೆಯಲ್ಲಿ ಕಟ್ಟುತ್ತಿದ್ದಳು. ಕಟ್ಟಿ ಬೆಚ್ಚಗಿಟ್ಟರೆ ಕಾಳಿಗೆ ಬಿಳಿ ಬೂಷ್ಟು ಹಿಡಿದು ತೆಂಪೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಬೆರೆಸಿದ ಹೆಪ್ಪು ಕಾಯುವುದಿಲ್ಲ.

"ಯಾರನ್ನ ಅಜ್ಜಿ?"

"ಯಾರನ್ನೋ. ನನ್ನಲ್ಲ."

ಕೆಲವು ದಿನಗಳಿಂದ ಹೊತ್ತು ಮುಳುಗುವ ಸಮಯಕ್ಕೆ ಇದೇ ಮಾತು. ಮೊದಮೊದಲು ಪೊನಿರಾ ಎದ್ದು ಹೋಗಿ ನೋಡಿದ್ದುಂಟು. ನಾಲ್ಕು ದಾರಿಯ ಕೂಟ ಬರಿದಾಗಿತ್ತು, ಅಂಗಡಿಗಳ ಬಾಗಿಲು ಹಾಕಿತ್ತು, ಯಾರದೋ ಕೋಳಿ ರಸ್ತೆಯ ನಡುವೆ ನಿಂತು ಇವಳನ್ನೇ ನೋಡುತ್ತಿತ್ತು. ಆಮೇಲೆ ಹೋಗುವುದನ್ನು ಬಿಟ್ಟಳು. ಕೊರೊನಾದ ಎರಡನೇ ವರ್ಷ ಅದು. ಕರೆಗಳಿಗೇನು ಕಡಿಮೆಯಿರಲಿಲ್ಲ. ಮಸೀದಿಯ ಮೈಕು ಹೊತ್ತಲ್ಲದ ಹೊತ್ತಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಸತ್ತವರ ಹೆಸರು ಹೇಳುತ್ತಿತ್ತು. ಪಕ್ಕದ ಮನೆಯ ಹೆಡ್‌ಮಾಸ್ತರು, ಅವರ ಹೆಂಡತಿ, ಕ್ಷೌರದವನು, ಕಡ್ಡಿಗೆ ಚುಚ್ಚಿ ಕೋಳಿ ಸಾತೆ ಸುಡುತ್ತಿದ್ದ ಗಂಡ ಹೆಂಡತಿ ಇಬ್ಬರೂ. ಎಲ್ಲರೂ ಅಜ್ಜಿಯ ಮಕ್ಕಳೋ ಮೊಮ್ಮಕ್ಕಳೋ ಆಗಬೇಕಾದ ವಯಸ್ಸಿನವರು. ಅಜ್ಜಿ ಮಾತ್ರ ಒಣಗಿದ ಎಲೆಯ ಹಾಗೆ ಹಗುರವಾಗಿ, ಒಂದು ಕೆಮ್ಮೂ ಇಲ್ಲದೆ ಮಲಗಿದ್ದಳು. ಗುರುತಿನ ಚೀಟಿಯಲ್ಲಿ ಅವಳ ಹೆಸರು ಸಿತಿ ಅಮಿನಾ, ವಯಸ್ಸು ತೊಂಬತ್ತು. ಕಮ್ಯುನಿಸ್ಟರು, ದೇವರಿಲ್ಲದವರು ಎಂದು ಜನರನ್ನು ಹಿಡಿದು ಕೊಂದ ಅರುವತ್ತೈದರ ಗಲಭೆಯಾದ ಮೇಲೆ ಹಳ್ಳಿಯವರೆಲ್ಲ ಸಾಲಾಗಿ ನಿಂತು ಧರ್ಮ ಕಾಣುವ ಹೆಸರು ಬರೆಸಿಕೊಂಡಿದ್ದರು. ವಯಸ್ಸನ್ನು ಗುಮಾಸ್ತ ಮುಖ ನೋಡಿ ಬರೆದಿದ್ದ.

ಪೊನಿರಾಳಿಗೆ ಮಾತ್ರ ಅವಳ ಹೆಸರು ಅಪ್ಪ ಇಟ್ಟದ್ದು. ಐದು ದಿನಕ್ಕೊಮ್ಮೆ ಬರುವ ಪೊನ್ ಸಂತೆಯ ದಿನ ಹುಟ್ಟಿದ್ದಕ್ಕೆ ಪೊನಿರಾ. ಶಾಲೆಯ ಮೇಷ್ಟ್ರಾಗಿದ್ದವನು ಮಗಳಿಗೆ ಗದ್ದೆ ಕೂಲಿಯ ಹೆಣ್ಣುಮಕ್ಕಳ ಹೆಸರು ಯಾಕಿಟ್ಟ ಎಂದು ಜನ ನಕ್ಕಿದ್ದರಂತೆ. ಹೆಸರಿಟ್ಟ ತಿಂಗಳಲ್ಲೇ, ಅದೇ ಗಲಭೆಯಲ್ಲಿ, ಸಿಪಾಯಿಗಳು ಅವನನ್ನು ಲಾರಿಯಲ್ಲಿ ತುಂಬಿಕೊಂಡು ಹೋದರು. ಅವನ ಚಿತ್ರಗಳನ್ನು, ಪುಸ್ತಕಗಳನ್ನು ಮನೆಯವರೇ ಒಲೆಗೆ ಹಾಕಿದರು. ಬಾಣಂತಿ ಬೇರೆ ಮದುವೆಯಾಗಿ ಸುಮಾತ್ರಕ್ಕೆ ಹೋದಳು. ಮಗುವನ್ನು ಅಜ್ಜಿ ಸಾಕಿದಳು. ಸಾಕಿದವಳು ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಐವತ್ತೈದು ತುಂಬಿ, ಹಲ್ಲು ಎರಡು ಬಿದ್ದ ಮೇಲೂ ಅವಳು ಕೂಸೇ. ಅದು ಮುದ್ದು ಎಂದೇ ಪೊನಿರಾ ತಿಳಿದಿದ್ದಳು.

ಒಳಕೋಣೆಯಲ್ಲಿ ಅವಳ ಮಗ ಸೆತ್ಯೊ ಬೋರಲು ಮಲಗಿ ಉಸಿರಿಗಾಗಿ ಗುದ್ದಾಡುತ್ತಿದ್ದ. ಸೆಮಾರಾಂಗಿಗೆ ಕೋಸು ಸಾಗಿಸುವ ಲಾರಿಯ ಡ್ರೈವರ್, ಎರಡು ಮೂಟೆ ಒಟ್ಟಿಗೆ ಎತ್ತುವ ಹುಡುಗ. ಆಸ್ಪತ್ರೆಯ ಅಂಗಳದ ಡೇರೆಯಲ್ಲೂ ಜಾಗವಿಲ್ಲವೆಂದು ವಾಪಸ್ಸು ಕಳಿಸಿದ್ದರು. ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ತೋರಿಸುವ ಅಂಕಿ ಪ್ರತಿ ಸಲವೂ ಹಿಂದಿನದಕ್ಕಿಂತ ಕೆಳಗಿರುತ್ತಿತ್ತು.

ಮಾರನೆಯ ಬೆಳಿಗ್ಗೆ ಗಂಡ ಕುವತ್ ಆಕ್ಸಿಜನ್ ಸಿಲಿಂಡರು ಹುಡುಕಲು ಬೈಕು ಹತ್ತಿ ಹೋದ. ಅವನ ಬೈಕಿನ ಧೂಳು ಅಡಗುವ ಮೊದಲೇ ಬೇಲಿಯ ಆಚೆ ತುಗಿ ಚಿಕ್ಕವ್ವನ ತಲೆ ಕಾಣಿಸಿತು. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವಳು, ಈಗ ಉಳುಕು ತೆಗೆಯುವುದಷ್ಟೇ ಕೆಲಸ. ಮಾಸ್ಕು ಗದ್ದದ ಕೆಳಗಿತ್ತು.

"ಪೊನಿರಾ, ಹುಡುಗ ಹೆಂಗವ್ನೆ?"

"ನಿನ್ನೆಗಿಂತ ಇವತ್ತು ಕಷ್ಟ. ಮೂತಿಗೆ ಹಾಕ್ಕೊ ಚಿಕ್ಕವ್ವ ಅದನ್ನ."

"ಹಾಕ್ಕೊಂಡ್ರೆ ಎಲೆಡಿಕೆ ಉಗಿಯೋದು ಎಲ್ಲಿಗೆ? ಬರೋದು ಬರ್ಲಿ, ಬಾಯಿ ಕೆಂಪಗಿರೋವಾಗ್ಲೇ ಬರ್ಲಿ." ತುಗಿ ಕತ್ತು ಚಾಚಿ ಒಳಗೆ ನೋಡಿದಳು. "ನಿಮ್ಮಜ್ಜಿ?"

"ಅನ್ನ ಉಂಡ್ಲು. ಇನ್ನೊಂದು ತುಂಡು ಮೀನು ಕೇಳಿದ್ಲು."

"ಊರೆಲ್ಲ ಗಾಳಿಗೆ ಬಾಯಿ ಬಿಡ್ತಾ ಅದೆ, ಅವಳಿಗೆ ಮೀನು."

"ಏನು ಹೇಳೋಕೆ ಬಂದೆಯೋ ಅದನ್ನ ಹೇಳು."

ತುಗಿ ಎಲೆಡಿಕೆಯನ್ನು ಇನ್ನೊಂದು ದವಡೆಗೆ ದಾಟಿಸಿಕೊಂಡಳು. "ಅವಳ್ನ ತಿಪ್ಪೆಯಿಂದ ಎತ್ತಿದೋಳು ನಮ್ಮಜ್ಜಿ ಕಣೆ. ನಾನು ಕೇಳಿದ್ದು ಹೇಳ್ತೀನಿ. ಹಳೇ ಹೆಸರಿಗೆ ಆವತ್ತೇ ಕರೆ ಬಂದಿತ್ತು. ಹೆಸರು ಬದಲಾಯಿಸಿ ಬಚ್ಚಿಟ್ರು. ಕರೆಯೋನು ಬರ್ತಾನೆ, ಕರೀತಾನೆ, ಓಗೊಡೋರಿಲ್ಲ. ಅಷ್ಟು ದೂರ ಬಂದೋನು ಬರಿಗೈಲಿ ಹೋಗ್ತಾನಾ? ಪಕ್ಕದಲ್ಲಿ ಯಾರು ಸಿಕ್ತಾರೋ ಅವರ್ನ ಕರ್ಕೊಂಡು ಹೋಗ್ತಾನೆ."

"ಹಂಗಾದ್ರೆ ಜಕಾರ್ತದಲ್ಲಿ ಸಾಯ್ತಿರೋರೂ ನಮ್ಮಜ್ಜಿಯಿಂದ್ಲೇ?"

"ಜಕಾರ್ತದ ವಿಚಾರ ನಂಗೇನು ಗೊತ್ತು? ನಿನ್ನ ಮನೆ ವಿಚಾರ ಹೇಳ್ತಿದೀನಿ. ಆ ಹೆಸರು ಯಾವುದು ಅಂತ ಅವಳ್ನೇ ಕೇಳು. ಒಂದು ಸಲ ಆ ಹೆಸರಲ್ಲಿ ಕರಿ. ಹೋಗಬೇಕಾದೋಳು ಹೋಗ್ತಾಳೆ, ಇರಬೇಕಾದೋನು ಉಳೀತಾನೆ."

"ಅವಳು ನನ್ನ ಸಾಕಿದೋಳು ಚಿಕ್ಕವ್ವ."

"ಅವನು ನೀನು ಹೆತ್ತೋನು."

ಪೊನಿರಾ ಕಾಳಿನ ಸಿಪ್ಪೆ ತೊಳೆದ ನೀರನ್ನು ಬೇಲಿಯ ಬುಡಕ್ಕೇ ಚೆಲ್ಲಿದಳು. ತುಗಿ ಕಾಲೆತ್ತಿಕೊಂಡು ಹಿಂದೆ ಸರಿದಳು, ಹೋಗಲಿಲ್ಲ.

ಮಧ್ಯಾಹ್ನ ಅಜ್ಜಿಗೆ ಮೀನಿನ ಮುಳ್ಳು ಬಿಡಿಸಿ ಅನ್ನ ಕಲಸಿ ಬಾಯಿಗಿಡುವಾಗ ಅವಳು ಕೇಳಿಯೇ ಬಿಟ್ಟಳು. ಕೇಳುವ ಹೊತ್ತಿಗೆ ತನಗೇ ನಾಚಿಕೆಯಾಗಿ ದನಿ ಸಣ್ಣದಾಗಿತ್ತು.

"ಅಜ್ಜಿ, ತಿಪ್ಪೆ ಮೇಲೆ ಹಾಕೋಕೆ ಮುಂಚೆ ನಿನ್ನ ಹೆಸರೇನಿತ್ತು?"

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಪೊರೆ ಬಂದ ಕಣ್ಣು ಇವಳತ್ತ ತಿರುಗಿತು. "ನೂರು ವರ್ಷಕ್ಕೆ ಒಬ್ಬಳಾದ್ರೂ ಕೇಳಿದ್ಯಲ್ಲ."

"ಕೇಳಬಾರದು ಅಂತಿತ್ತಲ್ಲ."

"ಹೇಳಬಾರದು ಅಂತಿತ್ತು. ಕೇಳಬಾರದು ಅಂತ ಯಾರಂದ್ರು?" ಸ್ವಲ್ಪ ನೀರು ಕುಡಿದಳು. "ನನ್ನ ಬಾಯಿಂದ ಅದು ಬರಲ್ಲ. ನಮ್ಮವ್ವ ಮಾತು ಕೊಟ್ಟವ್ಳೆ. ಯಾರ್ಯಾರು ಓಗೊಟ್ರು ಅಂತ ಹೇಳ್ತೀನಿ, ಕೇಳಿಸ್ಕೊ."

ಅಜ್ಜಿಯ ಕತೆಗಳು ಪೊನಿರಾಳಿಗೆ ಬಾಯಿಪಾಠ. ಬೇರೆ ಮಕ್ಕಳು ಮೊಸಳೆಗೆ ಮೋಸ ಮಾಡಿದ ಜಿಂಕೆಮರಿಯ ಕತೆ ಕೇಳಿ ಮಲಗಿದರೆ ಇವಳು ಡಚ್ಚರ ಕಾಲ, ಜಪಾನಿನ ಕಾಲ ಕೇಳುತ್ತಾ ಮಲಗಿದವಳು. ಆದರೆ ಈ ತುಂಡನ್ನು ಅಜ್ಜಿ ಎಂದೂ ಹೇಳಿರಲಿಲ್ಲ.

ಜ್ವರದ ವರ್ಷ, ಹೊಸ ಹೆಸರಿಟ್ಟ ಸಂಜೆಯೇ, ದಾರಿಕೂಟದ ಕಡೆಯಿಂದ ಯಾರೋ ಹಳೆಯ ಹೆಸರು ಹಿಡಿದು ಕರೆದರು. ತಾಯಿ ಅವಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಅಕ್ಕ ಬಾವಿಯ ಹತ್ತಿರವಿದ್ದಳು, ಆರು ವರ್ಷದವಳು, ಗಟ್ಟಿಮುಟ್ಟಾದವಳು. ತಂಗಿಯನ್ನು ಯಾರೋ ಆಟಕ್ಕೆ ಕರೆಯುತ್ತಿದ್ದಾರೆಂದು ಅಲ್ಲಿಂದಲೇ "ಓ" ಎಂದಳು. ಮರುದಿನ ಸಂಜೆಗೆ ಅಕ್ಕನನ್ನು ಹೂತರು.

ಜಪಾನಿನವರ ಕಾಲದಲ್ಲಿ ಗೋಣಿಚೀಲ ಉಟ್ಟುಕೊಂಡು ಬಾಳೆದಿಂಡು ಬೇಯಿಸಿ ತಿನ್ನುತ್ತಿದ್ದಾಗ ಮತ್ತೆ ಅದೇ ದನಿ ಬಂತು. "ನಿಮ್ಮ ತಾತನಿಗೆ ಆ ಹೆಸರೇ ಗೊತ್ತಿರಲಿಲ್ಲ. ಮನೆ ತಪ್ಪಿ ಬಂದೋರಿರಬೇಕು ಅಂತ ಬಾಗಿಲು ತೆಗೆದು, 'ಓ, ಯಾರು ಬೇಕಾಗಿತ್ತು?' ಅಂದ. ಬೆಳಿಗ್ಗೆ ಊರಿಗೆ ಇಷ್ಟು ಗಂಡಸರು ಅಂತ ಹಿಡ್ಕೊಂಡು ಹೋದ್ರು. ಬರ್ಮಾದಲ್ಲಿ ರೈಲು ಹಾಕೋಕೆ. ಬರ್ಮಾ ಯಾವ ದಿಕ್ಕಿಗೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ."

ಪೊನಿರಾ ಇನ್ನೊಂದು ತುತ್ತು ಕಲಸಿದಳು. ಮೂರನೆಯದು ಯಾರದೆಂದು ಅವಳಿಗೆ ಗೊತ್ತಿತ್ತು.

"ನಿಮ್ಮಪ್ಪ ತೊಟ್ಟಿಲ ಪಕ್ಕ ಕೂತಿದ್ದ," ಎಂದಳು ಅಜ್ಜಿ. "ಬಟ್ಟೆ ಮಡಿಸ್ತಿದ್ದ, ನಿನ್ನ ಬಟ್ಟೇನೇ. ಹೊತ್ತು ಮುಳುಗ್ತಿತ್ತು. ಕರೆ ಬಂತು. ನಾನು ಉಸಿರು ಬಿಗಿ ಹಿಡ್ಕೊಂಡೆ. ಅವನು 'ಓ' ಅಂತ ಎದ್ದು ಬಾಗಿಲಿಗೆ ಹೋದ. ನಗ್ತಾ ನನ್ನ ಕಡೆ ತಿರುಗಿ ಹೇಳಿದ, 'ಅವ್ವ, ಯಾರೋ ನಮ್ಮ ಕೂಸಿನ ಹೆಸರು ಹಿಡಿದು ಕರೀತವ್ರೆ' ಅಂತ."

ಪೊನಿರಾಳ ಕೈಯ ತುತ್ತು ತಟ್ಟೆಗೆ ಬಿತ್ತು.

"ನಾನೂ ಪೊನ್ ಸಂತೆ ದಿನಾನೇ ಹುಟ್ಟಿದೋಳು," ಎಂದಳು ಅಜ್ಜಿ.

ಹಿತ್ತಿಲಲ್ಲಿ ಕೋಳಿ ಕೆದಕುತ್ತಿದ್ದ ಸದ್ದು ಬಿಟ್ಟರೆ ಒಳಗಿನಿಂದ ಸೆತ್ಯೊನ ಉಸಿರು, ಹರಿದ ತಿದಿಯ ಉಸಿರು. ಪೊನಿರಾ ಬಿದ್ದ ಅನ್ನವನ್ನು ತಟ್ಟೆಯ ಅಂಚಿಗೆ ಒತ್ತರಿಸಿದಳು.

"ಆ ಹೆಸರು ಇಡಬೇಡ ಅಂತ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಹೆಸರು ಬಾಯಿಗೆ ತರದೆ ಈ ಹೆಸರು ಬೇಡ ಅನ್ನೋದು ಹೆಂಗೆ? ಯಾಕೆ ಅಂತ ಕೇಳಿದ್ರೆ ಎಲ್ಲಾನೂ ಹೇಳಬೇಕಾಗಿತ್ತು. ಯಾರಿಗೂ ಗೊತ್ತಾಗದ ಹಂಗೆ ಕಾಪಾಡಿದ್ವಿ ನೋಡು, ಅದಕ್ಕೇ ಅದು ತಿರುಗಿ ಮನೆಗೆ ಬಂತು. ಆಮೇಲೆ ಬದಲಾಯಿಸೋಣ ಅಂದ್ಕೊಂಡೆ. ಅಷ್ಟರಲ್ಲಿ ಲಾರಿ ಬಂತು. ನಿಂಗೆ ಅಂತ ಅವನು ಬಿಟ್ಟುಹೋದದ್ದು ಅದೊಂದೇ. ಅದನ್ನೂ ಕಿತ್ಕೊಳ್ಳೋಕೆ ಕೈ ಬರಲಿಲ್ಲ ಕೂಸೇ."

"ಮತ್ತೆ ಈಗ ಕರೀತಿರೋದು? ದಿನಾ ನನ್ನಲ್ಲ ಅಂತೀಯಲ್ಲ."

"ನಿನ್ನ ಅಂತ ಹೆಂಗೆ ಹೇಳ್ಲಿ?"

ಪೊನಿರಾ ತಟ್ಟೆ ತೆಗೆದಿಟ್ಟು ಕೈ ತೊಳೆದಳು. ಎರಡನೇ ಸಲ ತೊಳೆದಳು. ಅಜ್ಜಿ ಕತ್ತಲೆಗೆ ಮಾತಾಡುವವಳಂತೆ ಸೂರಿನ ಕಡೆ ನೋಡುತ್ತಾ, "ಅದನ್ನ ನಂಗೆ ವಾಪಸ್ಸು ಕೊಡು. ನಂದು ನೀನು ತಗೋ. ಗಟ್ಟಿ ಹೆಸರು, ಇಷ್ಟು ದಿನ ಬಳಸಿದ್ರೂ ಸವೆದಿಲ್ಲ" ಎಂದಳು.

ಕೊಡುವುದಕ್ಕೆ ಅದೇನು ಉಡುವ ಬಟ್ಟೆಯೇ? ಅಪ್ಪನ ಮುಖ ಅವಳಿಗೆ ಗೊತ್ತಿಲ್ಲ, ದನಿ ಗೊತ್ತಿಲ್ಲ, ಅವನ ಗೋರಿ ಎಲ್ಲಿದೆಯೆಂದು ಸರ್ಕಾರಕ್ಕೂ ಗೊತ್ತಿಲ್ಲ. ತಾನು ಯಾರದೋ ಮಗಳು ಎನ್ನಲು ಇದ್ದದ್ದು ಮೂರಕ್ಷರ. ಇಷ್ಟಕ್ಕೂ ಇದೆಲ್ಲ ನೂರು ದಾಟಿದ ತಲೆಯ ಗೋಜಲು ಎಂದುಕೊಂಡಳು. ಜ್ವರದಿಂದ ಸತ್ತರು, ಜಪಾನಿನವರಿಂದ ಸತ್ತರು, ಸಿಪಾಯಿಗಳಿಂದ ಸತ್ತರು. ಇಡೀ ದೇಶದಲ್ಲಿ ಹಾಗೇ ಸತ್ತರು. ಅವರೆಲ್ಲರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಳೇ? ಹೀಗೆ ತನಗೆ ತಾನೇ ಬುದ್ಧಿ ಹೇಳಿಕೊಂಡು ಒಳಕೋಣೆಗೆ ಹೋಗಿ ಮಗನ ಬೆರಳಿಗೆ ಯಂತ್ರ ಸಿಕ್ಕಿಸಿದಳು. ಅಂಕಿ ನೋಡಿ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಸೆತ್ಯೊ ಕಣ್ಣು ತೆರೆದ. ತುಟಿ ನೀಲಿಗಟ್ಟಿತ್ತು.

"ಅವ್ವ, ಕೇಳಿಸ್ಲಿಲ್ವಾ? ಯಾರೋ ನಿನ್ನ ಹೆಸರು ಹಿಡಿದು ಕರೀತವ್ರೆ." ಮೊಣಕೈ ಊರಿ ಏಳಲು ನೋಡಿದ. "ತೆಂಪೆಗೆ ಬಂದಿರಬೇಕು. ತಡಿ, ನಾನು ನೋಡ್ತೀನಿ."

ಅವಳು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು. ಉಸಿರಿಗೆ ಒದ್ದಾಡುವ ಮಗನ ಬಾಯಿ ಮುಚ್ಚಿದ್ದೇನೆಂದು ತಿಳಿದು ತಕ್ಷಣ ತೆಗೆದಳು. "ಓಗೊಡಬೇಡ," ಎಂದಳು. "ಯಾರೂ ಇಲ್ಲ. ಓಗೊಡಬೇಡ ಮಗ. ನನ್ನಾಣೆ."

ಆಮೇಲೆ ಅವಳು ಯೋಚಿಸಲಿಲ್ಲ. ಅಕ್ಕಿಹಿಟ್ಟನ್ನು ತೆಂಗಿನಹಾಲಿನಲ್ಲಿ ಕದಡಿ ಒಲೆಗಿಟ್ಟಳು. ಅರ್ಧ ಗಂಜಿಯನ್ನು ಬಿಳಿಯಾಗಿ ಬಿಟ್ಟು ಉಳಿದರ್ಧಕ್ಕೆ ತೆಂಗಿನ ಬೆಲ್ಲ ಹಾಕಿ ಕೆಂಪು ಮಾಡಿದಳು. ತಳ ಹಿಡಿಯಿತು, ತಿರುವಿದಳು. ಬೇಲಿಯ ಬಳಿ ಹೋಗಿ ತುಗಿಯನ್ನು ಒಳಗೆ ಕರೆದಳು. ಯಾವ ಹೆಸರೆಂದು ಕೇಳಿದಾಗ ಪೊನಿರಾ ಬಾಯಿ ಬಿಡದೆ ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅರ್ಥವಾಗಲು ತುಗಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೇಲಿಯ ಕಡೆ ತಿರುಗಿ ನೋಡಿದಳು.

"ನಾನು ಬೇಲಿ ಮೇಲಿಂದ ದಿನಾ ಕೂಗ್ತಿದ್ದೆನಲ್ಲೇ," ಎಂದಳು. "ಹೊತ್ತಿಲ್ಲ ಗೊತ್ತಿಲ್ಲ, ಅರ್ಧ ಊರಿಗೆ ಕೇಳೋ ಹಂಗೆ." ಎಲೆಡಿಕೆ ಉಗಿದು, ಮಾಸ್ಕನ್ನು ಮೇಲೆಳೆದುಕೊಂಡಳು.

ತುಗಿ ಅವಳ ನೆತ್ತಿಯ ಮೇಲೆ ಕೈಯಿಟ್ಟು ಕೆಂಪು ಗಂಜಿ ಒಂದು ತುತ್ತು, ಬಿಳಿ ಗಂಜಿ ಒಂದು ತುತ್ತು ತಿನ್ನಿಸಿ, ಇವಳು ಇನ್ನು ವಿಲುಜೆಂಗ್ ಎಂದು ನಾಲ್ಕು ದಿಕ್ಕಿಗೂ ಹೇಳಿದಳು. ಉಳಿದ ಗಂಜಿಯನ್ನು ಬಾಳೆಲೆಯಲ್ಲಿ ಹಿಡಿದುಕೊಂಡು ತಾನೇ ದಾರಿಕೂಟಕ್ಕೆ ನಡೆದಳು. ತಿರುಗಿ ಇವರ ಮನೆಗೆ ಬರಲಿಲ್ಲ, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊತ್ತು ಇಳಿಯುತ್ತಿತ್ತು. ಹೊಸ ವಿಲುಜೆಂಗ್ ಅಜ್ಜಿಯ ಮುಖ ಒರೆಸಿ, ತಲೆಗೆ ಎಣ್ಣೆ ಹಚ್ಚಿ, ಉಳಿದಿದ್ದ ನಾಲ್ಕೆಳೆ ಕೂದಲನ್ನು ಬಾಚಿ ಗಂಟು ಹಾಕಿದಳು. ಅಜ್ಜಿ ಒಳ್ಳೆಯ ಮಗುವಿನ ಹಾಗೆ ತಲೆ ಕೊಟ್ಟಿದ್ದಳು. ಬಾಗಿಲಾಚೆಯ ಬೆಳಕು ಅರಿಸಿನದಿಂದ ಬೂದಿಗೆ ತಿರುಗಿದಾಗ ಅವಳು ಎದ್ದು ಹೊಸಿಲ ಮೇಲೆ ನಿಂತು, ಹೊರಗೆ ಬೆನ್ನು ಹಾಕಿ, ಒಳಗೆ ಮುಖ ಮಾಡಿದಳು. ತನ್ನ ಹೆಸರನ್ನು ತಾನೇ ಕೂಗಿದ್ದು ಹುಟ್ಟಿದ ಮೇಲೆ ಇದೇ ಮೊದಲು. ನಾಲಿಗೆಗೆ ಅದು ಬೇರೆಯವರ ಮನೆಯ ಪಾತ್ರೆಯಂತೆ ಒರಟಾಗಿತ್ತು.

"ಪೊನಿರಾ."

"ಓ," ಎಂದಿತು ಮಂಚದ ಮೇಲಿನಿಂದ ಒಂದು ಪುಟ್ಟ ಹುಡುಗಿಯ ದನಿ, ಆಟದ ನಡುವೆ ಕರೆದಿದ್ದಕ್ಕೆ ಸ್ವಲ್ಪ ಮುನಿಸಿಕೊಂಡ ದನಿ. "ಬಂದೆ ಅವ್ವ."

ಅಜ್ಜಿ ಏಳಲು ಕೈ ಚಾಚಿದಳು. ಅವಳು ಓಡಿ ಹೋಗಿ ಹಿಡಿದು ಕೂರಿಸಿದಳು. ಎಷ್ಟೋ ವರ್ಷದಿಂದ ನೆಲ ಮುಟ್ಟದ ಎರಡು ಪಾದಗಳು ಕೆಳಗಿಳಿದು, ತಣ್ಣನೆಯ ಸಿಮೆಂಟನ್ನು ಮುಟ್ಟಿ, ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದವು. ಹಾಗೆ ಕುಳಿತಲ್ಲೇ ಅಜ್ಜಿಯ ತಲೆ ಅವಳ ಹೆಗಲಿಗೆ ಬಂತು. ಕುವತ್‌ನ ಬೈಕಿನ ಸದ್ದು ದೂರದಿಂದ ಕೇಳಿಸುವವರೆಗೂ ಅವಳು ಅಲುಗಾಡಲಿಲ್ಲ.

ಸಿಲಿಂಡರು ಅವನಿಗೆ ಸಿಕ್ಕಿದ್ದು ಮೀನುಮರಿ ಮಾರುವವನ ಹತ್ತಿರ. ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಗಾಳಿ ಹಿಡಿಸಲು ಇಟ್ಟುಕೊಂಡದ್ದು. ಸೆತ್ಯೊ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಬೆಳಗಿನ ಹೊತ್ತಿಗೆ ನಿದ್ದೆ ಹೋದ. ನೋಡಲು ಬಂದ ದಾದಿ, ಸಮಯಕ್ಕೆ ಸರಿಯಾಗಿ ಆಕ್ಸಿಜನ್ ಸಿಕ್ಕಿತು, ಇನ್ನೊಂದು ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದಳು. ಯಾರೂ ಅವಳ ಮಾತನ್ನು ಅಲ್ಲಗಳೆಯಲಿಲ್ಲ.

ಮಸೀದಿಯ ಮೈಕು ಸಿತಿ ಅಮಿನಾ ಎಂದಿತು. ಯಾರು ಈ ಸಿತಿ ಅಮಿನಾ ಎಂದು ಊರಿನ ಕೆಲವರು ಯೋಚನೆಗೆ ಬಿದ್ದರು. ಗೋರಿಯ ಹಲಗೆಗೆ ಬಣ್ಣ ಬಳಿಯುವವನು ಬಂದು ನಿಂತಾಗ ಕುವತ್ ಹೆಂಡತಿಯ ಬಳಿ ಬಂದ.

"ಯಾವ ಹೆಸರು ಬರೆಸ್ಲಿ?"

"ಚೀಟೀಲಿರೋದು."

"ಅದು ಅವಳದಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

"ಚೀಟೀಲಿರೋದೇ ಬರೆಸ್ರಿ," ಎಂದಳು ಅವಳು. "ಹುಟ್ಟಿದ ವರ್ಷಾನೂ ಅದೇ."

ಕುವತ್‌ಗೆ ನಾಲಿಗೆ ಹಿಡಿತಕ್ಕೆ ಬರಲು ದಿನಗಳು ಬೇಕಾದವು. ಬಾಯಿ ತೆರೆದು, ಅರ್ಧಕ್ಕೇ ನುಂಗಿ, "ಇವಳೇ" ಎನ್ನುತ್ತಿದ್ದ. ತುಗಿ ಬೇಲಿಯ ಮೇಲಿಂದ ಕೂಗುವುದನ್ನೇ ಬಿಟ್ಟು, ಸುತ್ತಿಕೊಂಡು ಮುಂಬಾಗಿಲಿಗೆ ಬಂದು ಕೆಮ್ಮುತ್ತಿದ್ದಳು. ಗುರುತಿನ ಚೀಟಿ ಬದಲಾಯಿಸಲು ಹೋದಾಗ ಕಚೇರಿಯ ಹುಡುಗಿ ಕಾರಣ ಕೇಳಿದಳು. ಕಾಯಿಲೆ ಎಂದರು, ಅವಳು ತಲೆಯಾಡಿಸಿ ಬರೆದುಕೊಂಡಳು.

ಮಳೆ ಹಿಡಿಯುವ ಮೊದಲು, ಪಕ್ಕದೂರಿನ ಹೆಂಗಸೊಬ್ಬಳು ಮದುವೆಮನೆಗೆ ತೆಂಪೆ ಹೇಳಲು ಬಂದಳು. ಸೆತ್ಯೊ ಅಂಗಳದಲ್ಲಿ ಕುಳಿತು ಬಾಳೆಲೆ ಒರೆಸುತ್ತಿದ್ದ. ಬಿಸಿಲಿಗೆ ಒಡ್ಡಿದ ಅವನ ಬೆನ್ನಲ್ಲಿ ಎಲುಬು ಇನ್ನೂ ಎದ್ದು ಕಾಣುತ್ತಿತ್ತು. ಆಕೆ ಬೇಲಿಯಾಚೆಯಿಂದಲೇ ಒಂದು ಹೆಸರು ಹೇಳಿ, ಅವರ ಮನೆ ಇದೇ ಅಲ್ಲವೇ ಎಂದು ಕೇಳಿದಳು. ಅವನು ಒಳಗೆ ನೋಡಿದ. ಜಗಲಿಯಲ್ಲಿ ಕಾಳು ಕಟ್ಟುತ್ತಿದ್ದ ಅವನ ತಾಯಿ ತಲೆಯೆತ್ತಲಿಲ್ಲ.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಕ್ಕ," ಎಂದ ಸೆತ್ಯೊ. "ತೆಂಪೆ ಬೇಕಾದ್ರೆ ಒಳಗೆ ಬನ್ನಿ."

ಆ ಹೆಸರು ಮತ್ತೆ ಆ ಮನೆಯಲ್ಲಿ ಕೇಳಿಸಲಿಲ್ಲ. ಕೊಟ್ಟ ಮಾತು ಉಳಿಯಿತು.